ಚೀಲ ನೋಡಿ ನಂಬುವ ಅಳಿಯ

ಮನೆಗೊಬ್ಬ ಇಂಥವನು ಇದ್ದೇ ಇರುತ್ತಾನೆ. ಯಾದಗಿರಿಯಲ್ಲಿ ನನ್ನ ಪಾಲಿಗೆ ಬಂದವನು ಅಕ್ಕನ ಮಗ. ಬೆಂಗಳೂರಿನ ಕಂಪನಿ, ಕೆಲಸ ಮಾತ್ರ ಮಾಳಿಗೆ ಮೇಲಿನ ಕೋಣೆಯಿಂದ. ಜಾವಾ ಬರೆಯುವಾಗ ಹಳದಿ ಗೆರೆ ಎದ್ದರೆ ಸಾಕು, '@ಸಪ್ರೆಸ್‌ವಾರ್ನಿಂಗ್ಸ್' ಅಂತ ಒಂದು ಸಾಲು ಬಡಿದು ಅದರ ಬಾಯಿ ಮುಚ್ಚಿಸುತ್ತಾನೆ. ಬೈಕಿನ ಪೆಟ್ರೋಲ್ ದೀಪ, ಬ್ಯಾಂಕಿನ ಮೆಸೇಜು, ಅವ್ವನ ಮಾತು, ಎಲ್ಲಕ್ಕೂ ಅವನಲ್ಲಿ ಇದೇ ಮದ್ದು.

"ಇದು ಅನ್‌ಚೆಕ್ಡ್ ಕಾಸ್ಟ್ ಅಲ್ಲೇನೋ?" ಅಂದೆ ಒಂದು ದಿನ, ಅವನ ಪರದೆ ನೋಡಿ. ಪಾಲಿಟೆಕ್ನಿಕ್‌ನಲ್ಲಿ ಜಾವಾ ಕಲಿಸಿದ ನಾಲಿಗೆ, ಸುಮ್ಮನಿರುವುದಿಲ್ಲ.

"ಬರೀ ವಾರ್ನಿಂಗ್ ಅದ ಮಾಮಾ. ಓಡ್ತದ ಬಿಡ್ರಿ."

ಓಡ್ತದ, ತಕರಾರೇ ಅದು. ಆಬ್ಜೆಕ್ಟನ್ನು ಸ್ಟ್ರಿಂಗ್ ಅಂತ ಕಾಸ್ಟ್ ಮಾಡಿದರೆ ಕೋಡ್ ಓಡಿಸುವ ಜೆವಿಎಂ ಅಲ್ಲೇ ತಡೆದು ನೋಡುತ್ತದೆ. ಸುಳ್ಳಾದರೆ ಅದೇ ಸಾಲಿಗೆ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್. 'ಸ್ಟ್ರಿಂಗ್‌ಗಳ ಲಿಸ್ಟ್' ಅಂದಿರೋ, ಲಿಸ್ಟ್ ಹೌದೋ ಅಲ್ಲವೋ ಅಷ್ಟೇ ನೋಡಿ ಬಿಡುತ್ತದೆ. 2004ರಲ್ಲಿ ಜಾವಾ 5 ಜೆನೆರಿಕ್ಸ್ ತಂದಾಗ, ಹಳೇ ಕೋಡ್ ಕೆಡಬಾರದೆಂದು ಒಳಗಿನ ಟೈಪನ್ನು ಕಂಪೈಲರೇ ಅಳಿಸುವ ಏರ್ಪಾಡಾಯಿತು. ಓಡುವ ಹೊತ್ತಿಗೆ ಚೀಲ ಕಾಣುತ್ತದೆ, ಕಾಳು ಕಾಣುವುದಿಲ್ಲ.

ಇವನ ಅಪ್ಪ ಎಪಿಎಂಸಿಯಲ್ಲಿ ಅಡತಿ. ಚೀಲದ ಮೇಲೆ ಏನೇ ಬರೆದಿರಲಿ, ಮೊನಚು ನಳಿಕೆ ಚುಚ್ಚಿ, ಕಾಳನ್ನು ಅಂಗೈ ಮೇಲೆ ಹರಡಿ, ಒಂದನ್ನು ಹಲ್ಲಿಗೆ ಕೊಟ್ಟು ನೋಡಿದ ಮೇಲೇ ದರದ ಮಾತು. ಮಗನಿಗೆ ಆ ನಳಿಕೆ ಬಳುವಳಿಯಾಗಿ ಬರಲಿಲ್ಲ.

ಹೋದ ದೀಪಾವಳಿಗೆ ಸುರಪುರದ ಅತ್ತೆಮನೆಗೆ ತೊಗರಿಬೇಳೆ ಒಯ್ಯಬೇಕಿತ್ತು. ಅಂಗಡಿಯಿಂದ ಚೀಲ ಎತ್ತಿಸಿದ. "ಹಗುರ ಅದರೀ ಸಾಹುಕಾರ್ರ," ಅಂದ ಹಮಾಲ. "ಬಿಚ್ಚಿ ನೋಡೋ ಯಪ್ಪಾ," ಅಂದಳು ಅಕ್ಕ. "ಮ್ಯಾಲ 'ತೊಗರಿಬ್ಯಾಳಿ' ಅಂತ ಬರದದಲ್ಲವ್ವಾ!"

ಚೀಲ ಭೀಮಾ ಸೇತುವೆ ದಾಟಿತು. ಶಹಾಪುರದಲ್ಲಿ ಚಹಾಕ್ಕೆ ನಿಂತಿತು. ಅಲ್ಲಿನ ಬೆಟ್ಟವನ್ನು ದೂರದಿಂದ ನೋಡಿ ಮಲಗಿದ ಬುದ್ಧ ಅನ್ನುತ್ತೇವಲ್ಲ, ಅದೂ ಚೆಕ್ ಮಾಡದ ಕಾಸ್ಟೇ. ಆದರೆ ಬುದ್ಧನನ್ನು ಎದ್ದು ನಡೆ ಅಂತ ಯಾರೂ ಹೇಳುವುದಿಲ್ಲ, ಹಾಗಾಗಿ ಎಕ್ಸೆಪ್ಶನ್ ಬರುವುದಿಲ್ಲ.

ಸುರಪುರದಲ್ಲಿ ಅತ್ತೆ ಒಲೆಯ ಮೇಲೆ ಎಸರಿಟ್ಟು ಚೀಲಕ್ಕೆ ಕೈ ಹಾಕಿದರು. ಬಂದದ್ದು ಎಮ್ಮೆಗೆ ಹಾಕುವ ಹತ್ತಿಕಾಳು. ಹಳೇ ಚೀಲಕ್ಕೆ ಯಾರೋ ತುಂಬಿಟ್ಟಿದ್ದರು. ತಪ್ಪು ಯಾದಗಿರಿಯದು, ಕೂಗು ಮಾತ್ರ ಸುರಪುರದ ಅಡಿಗೆಮನೆಯಲ್ಲಿ.

ರಾತ್ರಿ ಅಳಿಯನ ಫೋನು: "ಪ್ರಾಬ್ಲಂ ನಮ್ಮ ಕಡೀದಲ್ಲ ಮಾಮಾ, ಅತ್ತಿಯವರ ಅಡಿಗಿ ಮನ್ಯಾಗ ಬಂದದ."

ಆ ವಾರ ಅತ್ತೆಮನೆಯ ಎಮ್ಮೆ ಅರ್ಧ ಲೀಟರ್ ಹೆಚ್ಚಿಗೇ ಹಾಲು ಕೊಟ್ಟಿತಂತೆ.