ಕಪಾಟಿನೊಳಗಿನ ಊಟಿ

(ಹೊನ್ನಾವರದ ಒಂದು ಮನೆ. ಮೇ ತಿಂಗಳ ಮಧ್ಯಾಹ್ನ, ಕರೆಂಟಿಲ್ಲ. ಕಪಾಟಿನ ಕೆಳಗಿನ ಅರೆಯಲ್ಲಿ ಡಾಂಬರು ಗುಳಿಗೆಗಳ ನಡುವೆ ಮಲಗಿದ್ದ ಮೆರೂನ್ ಬಣ್ಣದ ಸ್ವೆಟರ್ ಮಾತಿಗೆ ಸಿಕ್ಕಿತು. ಮನೆಯವರ ಹೆಸರು ಹಾಕುವುದಿಲ್ಲ ಎಂಬ ಕರಾರಿನ ಮೇಲೆ.)

ಪ್ರಶ್ನೆ: ತಮ್ಮ ಊರು?

ಸ್ವೆಟರ್: ಹುಟ್ಟಿದ್ದು ಲುಧಿಯಾನ. ಬಿಕರಿಯಾದದ್ದು ಊಟಿಯ ಟಿಬೆಟಿಯನ್ನರ ಅಂಗಡಿ ಸಾಲಿನಲ್ಲಿ. ನಮ್ಮ ಅಮ್ಮನವರು ತಮಗೆ ಬಂದಷ್ಟು ಹಿಂದಿಯೆಲ್ಲ ಖರ್ಚು ಮಾಡಿ ಚೌಕಾಸಿ ಮಾಡಿದ ಮೇಲೆ ಅಂಗಡಿಯಾಕೆ ಕನ್ನಡದಲ್ಲೇ, “ನಮ್ಮದೂ ನಿಮ್ಮ ಜಿಲ್ಲೆಯೇ ಅಕ್ಕಾ, ಮುಂಡಗೋಡ” ಅಂದಳು. ಅಲ್ಲಿ 1966ರಿಂದ ಟಿಬೆಟಿಯನ್ನರ ನೆಲೆಯಿದೆಯಲ್ಲ, ಅದು. ಅಂತೂ ಉತ್ತರ ಕನ್ನಡದವರಿಂದ ಸ್ವೆಟರ್ ಕೊಳ್ಳಲು ಉತ್ತರ ಕನ್ನಡದವರು ಐನೂರು ಕಿಲೋಮೀಟರ್ ಹೋಗಿದ್ದರು.

ಪ್ರಶ್ನೆ: ಚಳಿಯೇ ಬೇಕಿದ್ದರೆ ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿದರೆ ಶಿರಸಿ ಇತ್ತಲ್ಲ?

ಸ್ವೆಟರ್: ಶಿರಸಿಯಲ್ಲಿ ನೆಂಟರಿದ್ದಾರೆ ಮಾರಾಯ್ರೆ! ನೆಂಟರಿದ್ದ ಊರಿಗೆ ಹೋದರೆ ಅದು ಟೂರ್ ಹೇಗಾಗುತ್ತದೆ? ಅಲ್ಲಿ ಊಟ ಪುಕ್ಕಟೆ, ಹಾಸಿಗೆ ಪುಕ್ಕಟೆ, ತಂಪೂ ಪುಕ್ಕಟೆ. ದುಡ್ಡು ಕೊಡದ ಚಳಿಯನ್ನು ಯಾರೂ ಫೋಟೊ ತೆಗೆಯುವುದಿಲ್ಲ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರ ಇಲ್ಲೇ ಪಕ್ಕದಲ್ಲಿದೆ. ಅಲ್ಲಿಯ ಗೋಪುರದ ಲಿಫ್ಟನ್ನು ನಮ್ಮ ಯಜಮಾನರು ಈವರೆಗೆ ಹತ್ತಿಲ್ಲ. ಆದರೆ ಊಟಿಯ ದೊಡ್ಡಬೆಟ್ಟದಲ್ಲಿ ದುರ್ಬೀನಿಗೆ ಸಾಲು ನಿಂತರು. ಕಂಡದ್ದು ಮಂಜು.

ಪ್ರಶ್ನೆ: ಆದರೂ 2,240 ಮೀಟರ್ ಎತ್ತರದ ಊರು. ಬ್ರಿಟಿಷರು ಸುಮ್ಮನೆ ಮೆಚ್ಚಿರಲಿಕ್ಕಿಲ್ಲ.

ಸ್ವೆಟರ್: ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿ ಹತ್ತಿದ. ತೋಡರ ನೆಲದಲ್ಲಿ ಬಂಗಲೆ ಕಟ್ಟಿಸಿದ, ಕೆರೆ ಮಾಡಿಸಿದ. ಆಮೇಲೆ ಬೇಸಿಗೆ ಬಂತೆಂದರೆ ಮದ್ರಾಸಿನ ಸರ್ಕಾರವೇ ಕಡತ ಹೊತ್ತು ಮೇಲೆ ಹತ್ತತೊಡಗಿತು. ನಮ್ಮ ಯಜಮಾನರು ಹತ್ತಿದ್ದು ಎಲ್‌ಟಿಸಿ ಮೇಲೆ. ಎರಡೂ ಸಲ ಖರ್ಚು ಸರ್ಕಾರದ್ದೇ. ತೋಡರನ್ನು ಆಗಲೂ ಕೇಳಲಿಲ್ಲ, ಈಗಲೂ ಕೇಳುವವರಿಲ್ಲ.

ಪ್ರಶ್ನೆ: ಮತ್ತೆ ಹೋಗಿದ್ದಿರಾ?

ಸ್ವೆಟರ್: 2024ರ ಏಪ್ರಿಲ್ ಕೊನೆಗೆ. ಹೊನ್ನಾವರದ ಶೆಕೆ ತಾಳಲಾರದೆ ಹೊರಟದ್ದು. ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಹಾಕಿದರೆ ಬೆಳಗಿನ ಆರಕ್ಕೇ ತೆಗೆಯುವುದು. ಗುಂಡ್ಲುಪೇಟೆಯಲ್ಲಿ ಸೊಳ್ಳೆಗಳ ಜೊತೆ ಬೆಳಗು ಮಾಡಿ ಮೇಲೆ ಹೋದರೆ ಅಲ್ಲಿ 29 ಡಿಗ್ರಿ! ಊಟಿಯ ದಾಖಲೆಯಲ್ಲೇ ಅಂಥ ಬಿಸಿಲಿಲ್ಲವಂತೆ. ಆದರೂ ನನ್ನನ್ನು ಬಿಡಲಿಲ್ಲ. ಫೋಟೊದಲ್ಲಿ ಸ್ವೆಟರ್ ಕಾಣದಿದ್ದರೆ ಊಟಿ ಎಂದು ನಂಬುವವರು ಯಾರು? ಯಜಮಾನರ ಬೆವರು ನನಗೆ ಇಳಿದದ್ದು ಅದೇ ಮೊದಲು. ಕೆರೆಯ ಸುತ್ತ ಕಾರುಗಳ ಸಾಲು ನೋಡಿದರೆ ಬೆಟ್ಟ ಕಾಣುತ್ತಿರಲಿಲ್ಲ. ಮುಂದಿನ ವಾರವೇ, ಮೇ 7ರಿಂದ, ಹೈಕೋರ್ಟ್ ಆದೇಶದಂತೆ ಊಟಿಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂತು. ನಮ್ಮ ಯಜಮಾನರು, “ನಾವು ಹೋಗಿ ಬಂದದ್ದೇ ಒಳ್ಳೆಯದಾಯಿತು, ಇನ್ನು ರಶ್ ಕಡಿಮೆಯಾಗಲಿ” ಅಂದರು. ರಶ್ ಅಂದರೆ ಯಾವಾಗಲೂ ಬೇರೆಯವರು.

ಪ್ರಶ್ನೆ: ಉಳಿದ ದಿನಗಳಲ್ಲಿ ಕೆಲಸ?

ಸ್ವೆಟರ್: ಬೂಷ್ಟು ಹಿಡಿಯುವುದು. ಈ ಕರಾವಳಿಯ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಉಣ್ಣೆಯ ಪಾಡು ಕೇಳಬೇಡಿ. ಹೊಟ್ಟೆಕಿಚ್ಚಾಗುವುದು ಮೇಲಿನ ಅರೆಯ ಮಫ್ಲರ್ ಕಂಡರೆ. ಜನವರಿಯಲ್ಲಿ ಅಜ್ಜ ಅದನ್ನು ತಲೆಗೆ ಸುತ್ತಿಕೊಂಡು ಗುಣವಂತೆ ಕಡೆಗೆ ಯಕ್ಷಗಾನದ ಆಟ ನೋಡಲು ಹೋಗುತ್ತಾರೆ. ಅದು ಬೆಳಗಿನ ತನಕ ಕೌರವನನ್ನೂ ಕೀಚಕನನ್ನೂ ನೋಡಿ ಬಂದು ನನ್ನೆದುರು ಭಾಗವತರ ಧಾಟಿಯಲ್ಲಿ ಕೊರೆಯುತ್ತದೆ. ನನಗೆ ಹೇಳಲು ಇರುವುದು ಬೋಟ್‌ಹೌಸ್ ಮತ್ತು ಚಾಕಲೇಟ್ ಅಂಗಡಿ.

ಪ್ರಶ್ನೆ: ನಿಮ್ಮ ಬಳಗದಲ್ಲಿ ಯಾರಾದರೂ ಸುಖವಾಗಿ ಇದ್ದಾರೆಯೇ?

ಸ್ವೆಟರ್: ನನ್ನದೇ ಕಟ್ಟಿನಲ್ಲಿದ್ದ ಒಬ್ಬ ಭಟ್ಕಳದ ಮನೆ ಸೇರಿದ. ಆ ಮನೆಯ ಹುಡುಗ ಅವನನ್ನು ದುಬೈಗೆ ಒಯ್ದ. ಹೊರಗೆ ಮರಳುಗಾಡು, ಆಫೀಸಿನೊಳಗೆ ಏಸಿ. ದಿನಕ್ಕೆ ಎಂಟು ತಾಸು ಡ್ಯೂಟಿ, ಶುಕ್ರವಾರ ಅರ್ಧ ದಿನ. ನನಗೂ ಅಲ್ಲಿ ಕೆಲಸ ಖಾಲಿ ಇದ್ದರೆ ತಿಳಿಸಲು ಹೇಳಿದ್ದೇನೆ.