ಶಿರೋರಕ್ಷಾ ಮೀಮಾಂಸೆ

ಸೂತ್ರ: ಹೊಗೆಯಿದ್ದಲ್ಲಿ ಬೆಂಕಿ, ಸೈಕಲ್ಲಿದ್ದಲ್ಲಿ ಬೀಳು.

ವ್ಯಾಖ್ಯಾನ: ಬೀಳುವುದು ಮಗು, ಒಡೆಯಬೇಕಾದ್ದು ಹೆಲ್ಮೆಟ್ಟು. ಒಳಗಿನ ಥರ್ಮಾಕೋಲ್ ತಾನು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗುತ್ತದೆ. ಆದ್ದರಿಂದ ಒಮ್ಮೆ ಬಲವಾಗಿ ಬಿದ್ದದ್ದು ಹೊರಗೆ ಎಷ್ಟು ಚೆಂದವಿದ್ದರೂ ಒಡೆದ ಮಡಕೆಗೆ ಸಮ, ಹೊಸದು ತರಬೇಕು. ಇಷ್ಟು ಕೇಳಿದೊಡನೆ ತಂದೆಯರು ‘ಬಲವಾಗಿ’ ಎಂಬ ಪದದ ಅರ್ಥವಿಚಾರಕ್ಕಿಳಿಯುತ್ತಾರೆ.

ಸ್ಥಾನಭೇದ: ನಮ್ಮ ಬಡಾವಣೆಯ ಕಾಂಪೌಂಡಿನ ಮೇಲೆ ಕೂತು ನಡೆಸಿದ ಸಂಶೋಧನೆಯಂತೆ ಹೆಲ್ಮೆಟ್ಟು ಐದು ವಿಧ: ಹ್ಯಾಂಡಲ್‌ಸ್ಥ, ಮೊಣಕೈಸ್ಥ, ಮಂಚದಡಿಸ್ಥ, ಬುಟ್ಟಿರೂಪಿ ಮತ್ತು ನೆತ್ತಿಸ್ಥ. ಕೊನೆಯದು ಹುಟ್ಟುಹಬ್ಬದ ಮರುದಿನ ಮಾತ್ರ ಗೋಚರ. ಬುಟ್ಟಿರೂಪಿಯನ್ನು ನೇರಳೆ ಮರದಡಿ ಕಣ್ಣಾರೆ ಕಂಡೆ: ತುಂಬ ಹಣ್ಣು, ಗಾಳಿಕಿಂಡಿಗಳಿಂದ ತೊಟ್ಟಿಕ್ಕುವ ನೀಲಿ ರಸ.

ಪೂರ್ವಪಕ್ಷ: “ನಾವು ಒಳಪೆಡಲ್ ಹೊಡ್ದು ಕಲಿತವರು, ನಮಗೇನಾಯ್ತು?” ಎಂದರು ದೊಡ್ಡಪ್ಪ. ಎನ್ನುತ್ತಲೇ ಅವರ ಬೆರಳು ಹುಬ್ಬಿನ ಮೇಲಿನ ಹೊಲಿಗೆ ಗುರುತನ್ನು ಸವರಿತು. ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನ ನ್ಯಾಯದಿಂದ ವಾದ ಅಲ್ಲಿಗೇ ಬಿತ್ತು. “ಬೆಳೆಯೋ ಹುಡುಗ, ಎರಡು ಸೈಜ್ ದೊಡ್ಡದೇ ತಗೊಳ್ಳಿ” ಎಂದರು ದೊಡ್ಡಮ್ಮ. ಇದು ಯೂನಿಫಾರ್ಮ್ ನ್ಯಾಯ, ತಲೆಗೆ ಸಲ್ಲದು. ದೊಡ್ಡ ಹೆಲ್ಮೆಟ್ಟು ಹುಡುಗನಿಗಿಂತ ಮೊದಲೇ ನೆಲ ಸೇರುತ್ತದೆ.

ಶಾಸನಪ್ರಮಾಣ: ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲೇ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯವರಿಗೆ ಸೈಕಲ್ ಕೊಟ್ಟಿತು. ತಲೆಯನ್ನು ಮಕ್ಕಳು ಮನೆಯಿಂದಲೇ ತರುತ್ತಿದ್ದರು. ಕೇಂದ್ರದ 2022ರ ನಿಯಮದಂತೆ, ಬೈಕಿನ ಹಿಂದೆ ಕೂರುವ ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೆ ಸೈಕಲ್ ಹೆಲ್ಮೆಟ್ಟಾದರೂ ಇರಲೇಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. ಅದೇ ಮಗು ದೊಡ್ಡದಾಗಿ ಸೈಕಲ್ಲನ್ನೇ ಹತ್ತಿದರೆ? ಶಾಸನ ಮೌನ. ಸೈಕಲ್ ಹೆಲ್ಮೆಟ್ಟು ಸೈಕಲ್ಲೊಂದನ್ನು ಬಿಟ್ಟು ಬೇರೆಡೆ ಕಡ್ಡಾಯ ಎಂಬ ಈ ಗೂಢಾರ್ಥಕ್ಕೆ ಭಾಷ್ಯಕಾರರು ಹುಟ್ಟಬೇಕಾಗಿದೆ.

ಸಿದ್ಧಾಂತ: ಹುಬ್ಬಿನಿಂದ ಎರಡು ಬೆರಳು ಮೇಲೆ ಅಂಚು. ಕಿವಿಯ ಕೆಳಗೆ ಪಟ್ಟಿಗಳು ಕೂಡಬೇಕು. ಗಲ್ಲದಡಿ ಒಂದು ಬೆರಳು ತೂರುವಷ್ಟೇ ಸಡಿಲ. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟು ಜಾರಬಾರದು. ಮರ ಹತ್ತುವಾಗ ಮಾತ್ರ ತೆಗೆದಿಡಬೇಕು; ಕೊಂಬೆಗೆ ಸಿಕ್ಕಿದರೆ ಪಟ್ಟಿ ಕುತ್ತಿಗೆಯನ್ನೇ ಬಿಗಿದೀತು.

ಆದಕಾರಣ ನೇರಳೆ ಮರದಡಿಯ ಬುಟ್ಟಿರೂಪಿ ಶಾಸ್ತ್ರಸಮ್ಮತವೇ. ಇಳಿದ ಮೇಲೆ ಹಣ್ಣನ್ನು ಹೊಟ್ಟೆಗೂ ಹೆಲ್ಮೆಟ್ಟನ್ನು ತಲೆಗೂ ಸೇರಿಸತಕ್ಕದ್ದು. ಕೂದಲು ನೀಲಿಯಾದೀತು. ಆಗಲಿ, ಕೆಂಪಾಗುವುದಕ್ಕಿಂತ ವಾಸಿ.