ಹಾರ್ಡ್ಲಿ ದುಡಿದವನು

ಇಂಗ್ಲಿಷಿನ ಗುಣವಾಚಕಕ್ಕೆ ಒಂದು ‘ಲಿ’ ಅಂಟಿಸಿದರೆ ಕ್ರಿಯಾವಿಶೇಷಣ ಆಯಿತು ಎಂದು ಹೇಳಿ ಮೇಷ್ಟ್ರುಗಳು ಕೈತೊಳೆದುಕೊಳ್ಳುತ್ತಾರೆ. ಸ್ಲೋ ಸ್ಲೋಲಿ, ಕ್ವಿಕ್ ಕ್ವಿಕ್ಲಿ. ಇದೇ ಧೈರ್ಯದ ಮೇಲೆ ನಮ್ಮ ಪಕ್ಕದ ಮನೆ ಹುಡುಗ ಕೆಲಸದ ಅರ್ಜಿಯಲ್ಲಿ ‘ಐ ಹಾರ್ಡ್ಲಿ ವರ್ಕ್ಡ್ ಫಾರ್ ತ್ರೀ ಇಯರ್ಸ್’ ಎಂದು ಬರೆದು ತಂದ. ಮೂರು ವರ್ಷ ಬೆನ್ನು ಮುರಿಯುವಂತೆ ದುಡಿದವನು, ಈ ಕಡೆಯ ಕಡ್ಡಿ ತೆಗೆದು ಆ ಕಡೆ ಇಟ್ಟಿಲ್ಲ ಎಂದು ತಾನೇ ರುಜು ಹಾಕಿದ್ದ!

‘ಲಿ ತೆಗಿಯೋ’ ಅಂದೆ.

‘ಲೇಟಿಗೂ ಬೇಡ್ವಾ ಅಂಕಲ್?’

ಬೇಡ. ಲೇಟ್ಲಿ ಅಂದರೆ ಇತ್ತೀಚೆಗೆ. ಫಾಸ್ಟಿಗಂತೂ ಬಾಲವೇ ಇಲ್ಲ. ಹಾಗಾದರೆ ಗೊರಕೆ ಹೊಡೆಯುವವನನ್ನು ‘ಫಾಸ್ಟ್ ಅಸ್ಲೀಪ್’ ಅಂತಾರಲ್ಲ, ನಿದ್ದೆಯಲ್ಲಿ ಎಲ್ಲಿಗೆ ಓಡ್ತಾನೆ ಎಂದು ಹುಡುಗ ಕೇಳಿದ. ಹಳೆಯ ಇಂಗ್ಲಿಷಿನಲ್ಲಿ ಫಾಸ್ಟ್ ಎಂದರೆ ಅಲುಗದೆ ಗಟ್ಟಿಯಾಗಿ ಕೂತದ್ದು. ವೇಗ ಆಮೇಲೆ ಬಂದು ಸೇರಿಕೊಂಡಿತು. ನಮ್ಮ ಬಟ್ಟೆ ಅಂಗಡಿಯವರು ಹಳೆಯ ಅರ್ಥವನ್ನು ಇನ್ನೂ ಕಾಪಾಡಿದ್ದಾರೆ. ಸೀರೆ ಹರವಿ ‘ಫಾಸ್ಟ್ ಕಲರ್ ಮೇಡಂ’ ಅಂದರೆ ಬಣ್ಣ ಓಡಿಹೋಗುವುದಿಲ್ಲ ಎಂದೇ. (ಎರಡು ಒಗೆತ ಕಳೆದ ಮೇಲೆ ಹೊಸ ಅರ್ಥವೂ ನಿಜವಾಗುವುದುಂಟು.)

ಅರ್ಜಿಯ ಕೊನೆಗೆ ‘ಐ ಸ್ಟ್ರಾಂಗ್ಲಿ ಥ್ಯಾಂಕ್ ಯೂ’ ಎಂದಿತ್ತು. ಸ್ಟ್ರಾಂಗ್ಲಿ ವಿರೋಧಿಸಬಹುದು, ಸ್ಟ್ರಾಂಗ್ಲಿ ಶಿಫಾರಸು ಮಾಡಬಹುದು. ಥ್ಯಾಂಕ್ಸ್ ಹೇಳಲು ಹೊರಟರೆ ಸಿನ್ಸಿಯರ್ಲಿಯನ್ನೇ ಕರೆತರಬೇಕು. ‘ಎರಡು ಸ್ಟ್ರಾಂಗ್, ಒಂದು ಲೈಟ್’ ಎಂದು ಕೂಗುವ ಹೋಟೆಲ್ ಮಾಣಿ ಯಾವತ್ತೂ ‘ಪವರ್‌ಫುಲ್ ಕಾಫಿ’ ಅಂದವನಲ್ಲ. ಟೀ ಸ್ಟ್ರಾಂಗು, ಕಾರು ಪವರ್‌ಫುಲ್ಲು, ಅದಲುಬದಲಾದರೆ ಕಿವಿಗೆ ಹಿಡಿಸದು ಎಂಬುದನ್ನು ಭಾಷಾವಿಜ್ಞಾನಿ ಹ್ಯಾಲಿಡೆ 1966ರಲ್ಲಿ ಲೇಖನ ಬರೆದು ಚರ್ಚಿಸಿದರು. ಮಾಣಿ ಲೇಖನ ಬರೆಯಲಿಲ್ಲ, ಅಷ್ಟೇ ವ್ಯತ್ಯಾಸ. ಯಾವ ಪದದ ಪಕ್ಕ ಯಾವ ಪದ ಕೂರಬೇಕು ಎಂಬ ದೊಡ್ಡ ಪಟ್ಟಿಯೊಂದನ್ನು ಇಂಗ್ಲಿಷ್ ಬೋಧನೆಯ ತಜ್ಞ ಹೆರಾಲ್ಡ್ ಪಾಮರ್ 1933ರಲ್ಲಿ ಹೊರತಂದದ್ದು ಲಂಡನ್ನಿನಲ್ಲಲ್ಲ, ಟೋಕಿಯೊದಲ್ಲಿ. ಪರದಾಡುವವರಿದ್ದ ಕಡೆ ತಾನೆ ಪಟ್ಟಿ ಬೇಕಾಗುವುದು!

‘ಲಾಜಿಕ್ಕೇ ಇಲ್ಲ ಅಂಕಲ್, ನಮ್ ಕನ್ನಡಾನೇ ವಾಸಿ’ ಎಂದು ಹುಡುಗ ಗೊಣಗಿದ.

ನಮ್ಮಲ್ಲಿ ಹಸಿರು ಹಚ್ಚಹಸಿರು, ಬಿಳಿ ಅಚ್ಚಬಿಳಿ, ಕಪ್ಪು ಮಾತ್ರ ಕಡುಗಪ್ಪು. ಚಳಿ ಕೊರೆಯುತ್ತದೆ, ಬಿಸಿಲು ಸುಡುತ್ತದೆ. ದಿನಾ ಮಟಮಟ ಮಧ್ಯಾಹ್ನ ಆಗುತ್ತದೆ, ಮಟಮಟ ಸಂಜೆ ಯಾವ ಊರಲ್ಲೂ ಆದದ್ದಿಲ್ಲ. ಯಾಕೆ ಹೇಳು ನೋಡೋಣ ಅಂದೆ.

ಹುಡುಗ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. ‘ಅದರಲ್ಲಿ ಕೇಳೋದೇನಿದೆ ಅಂಕಲ್, ಅದು ಹಾಗೇ ಅಲ್ವಾ?’